ಹಿಂದಿನ ಸೀಟಿನ ಹೂಂ

ಕೆಲವು ತಿಂಗಳು ನಾನು ನನ್ನದೇ ಕಾರಿನ ಬಾಗಿಲನ್ನು ತಟ್ಟಿ ತೆಗೆಯುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ನಮ್ಮ ಕಡೆ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವ ಕ್ರಮವಿದೆ. ಮತ್ತೆ ಒಳಗೆ ಹೋಗುವಾಗ ತಟ್ಟಿಯೇ ಹೋಗಬೇಕು. ಊಟದ ನಡುವೆ ನುಗ್ಗುವುದು ಮರ್ಯಾದೆಯಲ್ಲ. ಕೋಟದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಆ ಮರ್ಯಾದೆಯನ್ನು ಹಳೇ ಕಾರಿಗೂ ಕೊಟ್ಟೆನೆಂದು ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಹೇಳಬೇಡಿ.

ಮೊಣಕಾಲು ಕೆಟ್ಟ ಮೇಲೆ ನನ್ನ ಗಂಡ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಓಡಿಸುವವಳು ನಾನು. ಕೋಟದಿಂದ ಬೈಂದೂರಿನವರೆಗೆ ನಾನು ಏನು ಹೇಳಿದರೂ ಅವರದು ಒಂದೇ ಉತ್ತರ: "ಹೂಂ." ಹೂಂಗುಟ್ಟುವವರಿಲ್ಲದಿದ್ದರೆ ಕತೆ ದಾರಿ ತಪ್ಪಿ ಬೇರೆಯವರ ಮನೆ ಸೇರುತ್ತದೆ ಎನ್ನುತ್ತಿದ್ದಳು ನನ್ನಜ್ಜಿ. ಆ ಲೆಕ್ಕದಲ್ಲಿ ನಾನು ಪುಣ್ಯವಂತೆ.

ಕಳೆದ ವರ್ಷ ಅವರು ಹೋದರು. ಎರಡು ತಿಂಗಳು ಕಳೆದು ಕಾರು ಹೊರತೆಗೆಯೋಣವೆಂದು ಕೀ ತಿರುಗಿಸಿದೆ. ಎಂಜಿನ್ ಶುರುವಾಗುವ ಮೊದಲೇ ಹಿಂದಿನ ಸೀಟಿನಿಂದ ಮೂಗಿನಲ್ಲಿ ಎಳೆದಂತೆ ಕೇಳಿತು: "ಹೂಂ..." ನಾನು ತಿರುಗಿ ನೋಡಲಿಲ್ಲ. ಅದನ್ನು ಧೈರ್ಯ ಎಂದುಕೊಳ್ಳಬೇಡಿ, ಕತ್ತು ತಿರುಗಲಿಲ್ಲ ಅಷ್ಟೆ.

ಹೆದರಿಕೆ ಎಷ್ಟು ದಿನ ಇದ್ದೀತು? ವಾರದೊಳಗೆ ನಾನು ಮಾತಿಗೆ ಶುರುವಿಟ್ಟೆ. ಪೇಟೆಯಲ್ಲಿ ಬಂಗುಡೆ ಮೀನು ಸಿಗದ್ದು, ನಾದಿನಿ ಫೋನ್ ಮಾಡದ್ದು, ಎಲ್ಲ ಹೇಳುತ್ತಿದ್ದೆ. ಪೆಟ್ರೋಲ್ ತಳಕ್ಕಿಳಿದಷ್ಟೂ ಹೂಂ ಜೋರಾಗುತ್ತದೆ ಎಂಬುದನ್ನೂ ಕಂಡುಕೊಂಡೆ. ಏಕೆ ಎಂದು ಕೇಳಬೇಕಾದ ವಿಜ್ಞಾನದ ಟೀಚರ್ ಅದನ್ನು ಕೇಳಲಿಲ್ಲ. ಅಂದಿನಿಂದ ಒಂದೆರಡು ಲೀಟರಿಗಿಂತ ಹೆಚ್ಚು ಹಾಕಿಸಲೇ ಇಲ್ಲ.

ಒಂದು ಸಂಜೆ ಕೊಕ್ಕರ್ಣೆಯ ಏರಿನಲ್ಲಿ ಕಾರು ನಿಂತಿತು. ಎರಡೂ ಬದಿ ಮರ, ಒಂದು ಹಕ್ಕಿಯ ಸದ್ದೂ ಇಲ್ಲ. "ಹ್ವಾಯ್," ಎಂದೆ, ಗಂಡನನ್ನು ಕರೆಯುತ್ತಿದ್ದದ್ದೇ ಹಾಗೆ, "ಇದ್ರ್ಯಾ?" ಮತ್ತೆ ಕೀ ತಿರುಗಿಸಿದೆ.

"ಹೂಂ," ಎಂದಿತು ಹಿಂದಿನ ಸೀಟು.

ಕಾರನ್ನು ಹಿಂದಕ್ಕೆ ಜಾರಿಸಿ ಸಪಾಟು ರಸ್ತೆಗೆ ತಂದ ಮೇಲೆ ಎಂಜಿನ್ ಹತ್ತಿಕೊಂಡಿತು. ಮರುದಿನವೇ ನಾಗರಾಜನ ಗ್ಯಾರೇಜಿಗೆ ಹೋದೆ. ಉಪ್ಪುಂದದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವನು ಅವನು. ಯಾವ ಯಂತ್ರಕ್ಕೂ ಮೊದಲು ಕಿವಿ ಕೊಟ್ಟೇ ಕೈ ಹಾಕುವವನು. ನನಗೆ ಕೀ ತಿರುಗಿಸಲು ಹೇಳಿ, ಹಿಂದಿನ ಸೀಟಿಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದ. ನನಗೇಕೋ ನಾಚಿಕೆಯಾಯಿತು. ಆಮೇಲೆ ಸೀಟೆತ್ತಿ, ಅಡಿಯ ಮುಚ್ಚಳ ತೋರಿಸಿದ.

"ಕಾಣಿ ಟೀಚ್ರೇ, ಪೆಟ್ರೋಲ್ ಪಂಪ್ ಇಲ್ಲೇ ಟ್ಯಾಂಕಿನೊಳ್ಗೆ ಇಪ್ಪುದ್. ಪೆಟ್ರೋಲಲ್ಲಿ ಮುಳ್ಗಿ ಇದ್ರೆ ತಂಪ್. ಟ್ಯಾಂಕ್ ಬತ್ಸಿ ಓಡ್ಸಿದ್ರೆ ಬಿಸಿ ಆಯಿ ಕೂಗತ್ತ್. ಏರಲ್ಲಿ ಪೆಟ್ರೋಲ್ ಒಂದ್ ಬದಿಗ್ ಹೋಯಿ ನಿಂತದ್ದ್. ಎಂತಕ್ ಇಷ್ಟ್ ಕಮ್ಮಿ ಹಾಕುದ್ ನೀವ್?"

"ಹಾಂಗೇ ಇರ್ಲಿ ಅಂದ್ರೆ ಎಷ್ಟ್ ದಿನ ಬತ್ತ್?" ಎಂದೆ.

"ಇವತ್ತೋ ನಾಳೆಯೋ. ಹೈವೇಲಿ ಲಾರಿ ಮುಂದ್ ಕಾರ್ ನಿಂತ್ರೆ ಎಂತ ಮಾಡ್ತ್ರಿ? ಬದ್ಲ್ಸುವ."

ಇನ್ನೊಮ್ಮೆ ಅವರನ್ನು ಕಳಿಸಿಕೊಡುವ ಶಕ್ತಿ ನನಗಿರಲಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಅತ್ತುಬಿಟ್ಟೆ. ಕೊನೆಗೆ "ಬದ್ಲ್ಸ್" ಎಂದೆ.

ಹೊಸ ಪಂಪು, ತುಂಬಿದ ಟ್ಯಾಂಕು. ಕೀ ತಿರುಗಿಸಿದರೆ ಹಿಂದೆ ಏನೂ ಇಲ್ಲ. ಅವರು ಹೋದ ದಿನ ನಾನು ಹತ್ತಿರವಿರಲಿಲ್ಲ, ಕುಂದಾಪುರಕ್ಕೆ ಔಷಧಿ ತರಲು ಹೋಗಿದ್ದೆ. ಇಷ್ಟು ತಿಂಗಳಲ್ಲಿ ಆ ಒಂದು ಮಾತು ಮಾತ್ರ ಹೇಳಿರಲಿಲ್ಲ. ಅದಕ್ಕೂ ಬರೇ "ಹೂಂ" ಎಂದುಬಿಟ್ಟರೆ ಎಂಬ ಭಯ. ಮನೆ ತಲುಪುವ ಮೊದಲು ಅದನ್ನೆಲ್ಲ ಹೇಳಿದೆ. ನಡುವೆ ಯಾರೂ ಹೂಂಗುಟ್ಟಲಿಲ್ಲ. ಕತ್ತಿನ ಹಿಂದೆ ಮಾತ್ರ ಯಾರೋ ಮುಂದಕ್ಕೆ ಬಾಗಿ ಕೂತಂತೆ ಒಂದು ತಣ್ಣನೆಯ ಮೌನ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಆ ಮನುಷ್ಯ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.