ಆಗಸ್ಟ್ ತಿಂಗಳ ಕೆಲಸದಾಕೆ

ದಕ್ಷಿಣ ಕರಾವಳಿಯ ಕಾರ್ಕೆರಾನ್ ಊರಿನಲ್ಲಿ ಕಡಲಿಗೆ ಮುಖ ಮಾಡಿದ ಮನೆಯಿದ್ದವರು ಬೇಸಿಗೆಯಲ್ಲಿ ಆ ಮನೆಯಲ್ಲಿ ಇರುವುದಿಲ್ಲ. ರಜೆಗೆಂದು ಉತ್ತರದಿಂದ ಬರುವವರಿಗೆ ಅದನ್ನು ಬಾಡಿಗೆಗೆ ಕೊಟ್ಟು, ತಾವು ಕೆಳಗಿನ ಕಾರ್ ಶೆಡ್ಡಿಗೆ ಇಳಿಯುತ್ತಾರೆ. ಊರಿಗೆ ಊರೇ ಹೀಗೆ ಮಾಡುವಾಗ ಇದರಲ್ಲಿ ನಾಚಿಕೆಪಡುವುದೇನಿದೆ? ಆದರೆ ಸೋಲಾಂಜ್ ನಾಚಿಕೊಂಡಳು.

ಸೋಲಾಂಜ್ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿರಲಿಲ್ಲ, ಜೊತೆಗಿದ್ದವಳು ತಾಯಿ ಬ್ಯಾಪ್ಟಿಸ್ಟೀನ್ ಒಬ್ಬಳೇ. ಬಂದರಿನಲ್ಲಿ ಕೂತು ಬಲೆ ಹೊಲಿದು ಮಗಳನ್ನು ಓದಿಸಿದ ಮುದುಕಿ, ಬಾಯಿ ಸ್ವಲ್ಪ ಜೋರು. ಆ ವರ್ಷ ಉತ್ತರದ ಲೀಲ್ ಪಟ್ಟಣದಿಂದ ಬಾಡಿಗೆಗೆ ಬಂದ ಮೇಡಂ ಡೆಲಾತ್ರ್ ಎದುರು ಸೋಲಾಂಜ್, "ನಮ್ಮದು ಗುಡ್ಡದ ಮೇಲೆ ಇನ್ನೊಂದು ಮನೆ ಇದೆ" ಎಂದುಬಿಟ್ಟಳು. ಅಲ್ಲಿಗೆ ಶುರುವಾಯಿತು ಫಜೀತಿ. ಬಾಡಿಗೆಯವರು ಸಮುದ್ರಕ್ಕೆ ಹೋಗುವುದನ್ನೇ ಕಾದು ತಾಯಿ ಮಗಳು ಶೆಡ್ಡಿನಿಂದ ಹೊರಬೀಳಬೇಕು.

"ನಮ್ಮನೇಲಿ ನಾವೇ ಕಳ್ಳರ ಥರ ಇರ್ಬೇಕಲ್ಲೇ!" ಎಂದು ಬ್ಯಾಪ್ಟಿಸ್ಟೀನ್ ನಗುತ್ತಿದ್ದಳು. "ಆ ನಿನ್ನ ಗುಡ್ಡದ ಮನೇಗೆ ನನ್ನೂ ಒಂದಿನ ಕರ್ಕೊಂಡ್ ಹೋಗೇ. ಅಲ್ಲಿ ಸೊಳ್ಳೆನಾದ್ರೂ ಕಮ್ಮಿ ಇರ್ಬಹುದು."

ಒಂದು ಮಧ್ಯಾಹ್ನ ಗಾಳಿ ಜೋರಾಗಿ ಡೆಲಾತ್ರ್ ಸಂಸಾರ ಬೇಗ ಹಿಂತಿರುಗಿತು. ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಬ್ಯಾಪ್ಟಿಸ್ಟೀನ್ ಬರಿಗಾಲಲ್ಲಿ ಕೂತು ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುತ್ತಿದ್ದಳು. ಅಷ್ಟರಲ್ಲಿ ಸೋಲಾಂಜ್ ಬ್ರೆಡ್ ಹಿಡಿದು ಬಂದಳು.

"ಯಾರಿದು?" ಎಂದರು ಮೇಡಂ ಡೆಲಾತ್ರ್.

"ಕೆಲಸದವಳು. ಊಟಕ್ಕೆ ಮಾಡ್ಕೊತಾ ಇದಾಳೆ, ಪಾಪ" ಎಂದಳು ಸೋಲಾಂಜ್.

ಹೋಗಲಿ, ಆ "ಪಾಪ" ಒಂದನ್ನಾದರೂ ನುಂಗಿಕೊಳ್ಳಬಾರದಿತ್ತೇ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿ ತಲೆಯೆತ್ತದೆ ಮೀನು ಮಗುಚಿ ಹಾಕಿದಳು.

ಅವರು ಮೇಲೆ ಹೋದ ಮೇಲೆ ಸೋಲಾಂಜ್, "ಅಮ್ಮಾ, ಬಾಯ್ತಪ್ಪಿ ಬಂತು" ಎಂದು ತೊದಲಿದಳು.

"ತಿನ್ನು. ಆರೋಗತ್ತೆ" ಎಂದಳು ತಾಯಿ.

ಮರುದಿನ ಬೆಳಿಗ್ಗೆ ಸೋಲಾಂಜ್ ಬಾಡಿಗೆಯವರನ್ನು ವಿಚಾರಿಸಲು ಮೇಲೆ ಹೋದರೆ, ಬ್ಯಾಪ್ಟಿಸ್ಟೀನ್ ಜಗಲಿ ಗುಡಿಸುತ್ತಿದ್ದಳು. ಮಗಳನ್ನು ಕಂಡವಳೇ ಪೊರಕೆ ಬದಿಗಿಟ್ಟು, "ನಮಸ್ಕಾರ ಅಮ್ಮಾವ್ರೇ" ಎಂದಳು. ಮೇಡಂ ಡೆಲಾತ್ರ್ ಮರಳು ಮೆತ್ತಿದ ಟವೆಲ್‌ಗಳನ್ನೆಲ್ಲ ಮುದುಕಿಯ ಕೈಗೆ ಹಾಕಿದರು.

ಅಂದಿನಿಂದ ದಿನವೂ ಅದೇ ಆಯಿತು. ಈಗಲೇ ಹೇಳಿಬಿಡಬೇಕೆಂದು ಸೋಲಾಂಜ್ ಮೆಟ್ಟಿಲು ಹತ್ತುವಳು. ಹೇಳಿದರೆ ಗುಡ್ಡದ ಮನೆಯ ಸುಳ್ಳೂ ಹೊರಬೀಳುತ್ತದೆ, ಹೆತ್ತ ತಾಯಿಯಿಂದ ಚಾಕರಿ ಮಾಡಿಸಿದ್ದೂ ಹೊರಬೀಳುತ್ತದೆ. ನಾಳೆ ಹೇಳಿದರಾಯಿತು ಎಂದು ಇಳಿದು ಬರುವಳು. ಮೀನು ಮಾರುವ ತಿತೀನ್ ಸುಮ್ಮನಿರುವವನೇ? "ಏನ್ ಸೋಲಾಂಜ್, ಹೊಸ ಕೆಲಸದವಳು ಸಿಕ್ಕಿದಾಳಂತೆ? ನಮ್ಮನೇಗೂ ಕಳ್ಸು!" ಎಂದು ಸಂತೆಯ ನಡುವೆ ಕೂಗಿದ. ಅವಳು ತಲೆ ತಗ್ಗಿಸಿ ಮನೆಗೆ ಬಂದಳು.

ಬಾಡಿಗೆಯವರು ಹೊರಡುವ ದಿನ ಮೇಡಂ ಡೆಲಾತ್ರ್ ತಮ್ಮದೊಂದು ಹಳೇ ಅಂಗಿಯನ್ನು ಮುದುಕಿಯ ಕೈಗಿಟ್ಟು, "ಇಂಥ ಯಜಮಾನಿ ಸಿಗೋಕೆ ಪುಣ್ಯ ಮಾಡಿದ್ದೆ ನೀನು" ಎಂದರು.

ಸೋಲಾಂಜ್‌ಗೆ ತಡೆಯಲಾಗಲಿಲ್ಲ. "ಮೇಡಂ, ಅವಳು ನನ್ನಮ್ಮ" ಎಂದಳು.

ಮೇಡಂ ಡೆಲಾತ್ರ್ ಇಬ್ಬರ ಮುಖವನ್ನೂ ನೋಡಿದರು. ಬ್ಯಾಪ್ಟಿಸ್ಟೀನ್ ಅಂಗಿಯನ್ನು ನೀಟಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡಳು.

"ನಮ್ಮ ಅಮ್ಮಾವ್ರು ಹಂಗೇ ಮೇಡಂ. ಭಾಳ ಒಳ್ಳೇವ್ರು. ಕೆಲಸದೋಳ್ನೂ ಅಮ್ಮ ಅಂತಾನೇ ಕರೀತಾರೆ."

"ಎಂಥಾ ಮನಸ್ಸು ನಿಮ್ಮದು!" ಎಂದು ಮೇಡಂ ಡೆಲಾತ್ರ್ ಸೋಲಾಂಜಳ ಕೆನ್ನೆಗಳಿಗೆ ಮುತ್ತಿಟ್ಟರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ತಾಯಿ ಆಗಲೇ ಬಾಡಿಗೆಯವರ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಸೋಲಾಂಜ್ ಓಡಿಹೋಗಿ ಪೆಟ್ಟಿಗೆಗೆ ಕೈ ಹಾಕಿದಳು, ತಾಯಿ ಬಿಡಲಿಲ್ಲ.