ಅಪ್ಪನ ಹೆಸರಿಗೆ ಓಗೊಟ್ಟ ವರ್ಷಗಳು

ಕುವೈತಿನ ಸಬ್ಹಾನ್‌ನಲ್ಲಿದ್ದ ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಯಾರೂ ನನ್ನನ್ನು ನನ್ನ ಹೆಸರಿನಿಂದ ಕರೆಯುತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಕೊನೆಗಿದ್ದದ್ದು ಅಪ್ಪನ ಹೆಸರು, ಅದನ್ನೇ ಹಿಡಿದುಕೊಂಡುಬಿಟ್ಟರು. ಫೋರ್‌ಮನ್ ಅದರ ಹಿಂದೊಂದು 'ಬೇಗ ಬಾ' ಎನ್ನುವ ಅರಬ್ಬಿಯ "ಯಲ್ಲಾ" ಸೇರಿಸಿ ಕೂಗಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಹೊಸ ಯಂತ್ರ ಜೋಡಿಸಲು ಸ್ವೀಡನ್ನಿನಿಂದ ಮುದುಕ ಎಂಜಿನಿಯರ್ ಒಬ್ಬ ಬಂದಿದ್ದ. ಹೊರಗೆ ಧೂಳೆದ್ದು, ಬೆಳಕಿಗೆ ಯಾರೋ ಅರಿಶಿನ ಕಲಸಿದ ಹಾಗಿದ್ದ ಮಧ್ಯಾಹ್ನ. ಚಹಾ ಕುಡಿಯುತ್ತ, ಅವನ ಅಂಗಿಯ ಮೇಲಿದ್ದ 'ಸ್ವೆನ್ಸನ್' ಅಂದರೇನು ಎಂದು ಕೇಳಿದೆ. ಸ್ವೆನ್‌ನ ಮಗ ಎಂದ. ಸ್ವೆನ್ ಅಂದರೆ ಹರೆಯದ ಹುಡುಗ. ಹಿಂದೆ ಅವರಲ್ಲಿ ಪ್ರತಿ ಮಗನೂ ತನ್ನ ಅಪ್ಪನ ಹೆಸರಿಗೆ 'ಮಗ' ಎಂದು ಸೇರಿಸಿಕೊಳ್ಳುತ್ತಿದ್ದನಂತೆ. ಯಾವುದೋ ತಲೆಮಾರಿನಲ್ಲಿ ಅದು ಬದಲಾಗುವುದು ನಿಂತು, ಮನೆತನದ ಹೆಸರೇ ಆಗಿಹೋಯಿತು. ಇಲ್ಲಿ ನನ್ನನ್ನು ಕರೆಯುವುದೂ ಅಪ್ಪನ ಹೆಸರಿನಿಂದಲೇ ಎಂದೆ.

"ನನ್ನಪ್ಪ ಸ್ವೆನ್ ಅಲ್ಲ. ಆ ಸ್ವೆನ್ ಯಾರೋ ನನಗೂ ಗೊತ್ತಿಲ್ಲ. ನಿನ್ನ ಹೆಸರಿನವನು ನಿನಗೆ ಗೊತ್ತಲ್ಲ!" ಎಂದು ನಕ್ಕ.

ಆ ಶುಕ್ರವಾರ ಫೋನಿನಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ವಿಮಾನವನ್ನೇ ಹತ್ತದ ಅಪ್ಪನಿಗೆ ಖುಷಿಯೋ ಖುಷಿ. ಅಲ್ಲಿಂದ ಪ್ರತಿ ವಾರ ಅದೇ ಪ್ರಶ್ನೆ: "ಈ ವಾರ ನನ್ನ ಯಾರ್ಯಾರು ಕರದ್ರಪಾ?"

ಊರಿಗೆ ಹೋಗಿ ಅಪ್ಪನನ್ನು ಮಣ್ಣು ಮಾಡಿ ಕೆಲಸಕ್ಕೆ ಮರಳಿದ ದಿನ, ಯಂತ್ರಗಳ ಗದ್ದಲದಾಚೆಯಿಂದ ಫೋರ್‌ಮನ್ ಕೂಗಿದ. ಎಂದಿನ ಹೆಸರೇ. ನಾನು ತಕ್ಷಣ ಓಗೊಡಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಕಾದೆ.