ಗೋಕಾಕದಾಗ ನಿಂತ ಹುಕ್ಕೇರಿ ಬಸ್ಸು

ಗೋಕಾಕದಾಗ ನಮ್ಮ ಬಸ್ ನಿಂದ್ರಿಸಿದ್ದು ಹೊಸಾ ಜಿಲ್ಲಾ ಬೇಡಿಕಿ ಸಲುವಾಗಿ ಅಲ್ಲ, ಹುಕ್ಕೇರಿ ಮ್ಯಾಲಿನ ಸಿಟ್ಟಿಗೆ. ಹುಕ್ಕೇರಿಗೆ ಕೊಟ್ಟ ಬಸರಿ ಮೊಮ್ಮಗಳ ಕುಬಸಕ್ಕ, ಅಂದ್ರ ಸೀಮಂತಕ್ಕ, ಹಸಿರು ಸೀರಿ, ಬಳಿ ತಗೊಂಡು ನಾನು ಮೂಡಲಗಿಯಿಂದ ಹೊಂಟಿದ್ದೆ. ಮಧ್ಯಾಹ್ನದೊಳಗ ಹುಕ್ಕೇರಿ ಮುಟ್ಟಬೇಕಿತ್ತು.

"ಗೋಕಾಕ ಜಿಲ್ಲಾ ಆಗಲಿ ಅಂದ್ರ ಹುಕ್ಕೇರಿಯವ್ರು ಒಲ್ಲೆ ಅಂತಾರ. ಅವರೂರಿನ ಬಸ್ ಬಿಡೂದಿಲ್ಲ ಆಯಿ," ಅಂದ ರಸ್ತಾ ತಡದವರ ಮುಖಂಡ.

"ತವರಿನ ಸೀರಿ ಉಟ್ಟ ಮ್ಯಾಲೇನ ಬಸರಿ ಉಣ್ಣೂದೋ ತಮ್ಮಾ. ಇವತ್ತ ಬಿಡು, ನಾಳೆ ನಾನೂ ಬಂದು ನಿಮ್ಮ ಜೋಡಿ ಕುಂದರತೇನಿ."

"ಖರೇನ ಬರ್ತೀಯೇನ್ಬೇ?"

"ಮೂಡಲಗಿ ಹೆಣ್ಣಮಗಳು ನಾನು. ಸುಳ್ಳು ಹೇಳಾಕ ಹುಕ್ಕೇರಿಯಾಕಿ ಏನು?"

ಎಲ್ಲಾರೂ ನಕ್ಕು ದಾರಿ ಬಿಟ್ರು. ನಮ್ಮ ಕಂಡಕ್ಟರ್ ಹುಕ್ಕೇರಿಯವ, ಅವ ಮಾತ್ರ ನಗಲಿಲ್ಲ.

ಮರುದಿನ ಮುಂಜಾನಿ ಗೋಕಾಕದಾಗ ಇಳಿದು, ಅವರ ಪೆಂಡಾಲದಾಗ ಕುಂತು ಕುಬಸದ ಹೋಳಿಗಿ ಹಂಚಿದೆ. ಹುಕ್ಕೇರಿ ಹೋಳಿಗಿ ಅಂತ ಹೇಳೇ ಕೊಟ್ಟೆ. ಒಬ್ಬರೂ ಬ್ಯಾಡ ಅನ್ನಲಿಲ್ಲ.